ಟೋಟಲ್ ಪ್ರೋಟೀನ್ ಸಾಲನ್ನು ಯಾರೂ ಓದುವುದಿಲ್ಲ

ಮಾರ್ಚ್ ಬಂತೆಂದರೆ ನಮ್ಮ ಲ್ಯಾಬಿಗೆ ಹೆಲ್ತ್ ಚೆಕಪ್ ಸೀಸನ್. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆಯಲ್ಲ, ವರ್ಷವಿಡೀ ಮರೆತಿದ್ದ ಆರೋಗ್ಯ ಆಗ ನೆನಪಾಗುತ್ತದೆ. ಜಯನಗರ, ಬನಶಂಕರಿ ಕಡೆಯ ದಂಪತಿಗಳು ಬೆಳಗ್ಗೆ ಏಳಕ್ಕೇ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ. ದೊಡ್ಡ ಪ್ಯಾಕೇಜ್ ತೆಗೆದುಕೊಂಡರೆ ಹೆಂಗಸರಿಗೆ ಸಿಎ-125, ಗಂಡಸರಿಗೆ ಪಿಎಸ್‌ಎ. ಮೊದಲನೆಯದು ಅಂಡಾಶಯದ, ಎರಡನೆಯದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ಪ್ರೋಟೀನ್. "ಕ್ಯಾನ್ಸರ್ ಟೆಸ್ಟೂ ಇದರಲ್ಲೇ ಬರುತ್ತೆ" ಎಂದು ಕೌಂಟರಿನಲ್ಲಿ ಹೇಳಿದರೆ ಸಾಕು, ಮುಂದಿನ ಮಾತಿಲ್ಲ. ಬಯೋಕೆಮಿಸ್ಟ್ ಆಗಿ ಆ ರಿಪೋರ್ಟುಗಳಿಗೆ ಸಹಿ ಹಾಕುವುದು ನನ್ನ ಕೆಲಸ. ಸಂಜೆ ಫೋನ್ ಬರುವುದೂ ನನಗೇ.

"ಮೇಡಂ, ನಮ್ಮ ಮನೆಯವರ ಸಿಎ-125 35ರ ಒಳಗಿರಬೇಕಂತೆ. 58 ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಕ್ಯಾನ್ಸರ್ರಾ?"

ನಾನು ಮೊದಲು ಕೇಳುವುದು ಮುಟ್ಟಿನ ದಿನ. ಯಜಮಾನರಿಗೆ ಮುಜುಗರವಾಗಿ ಫೋನ್ ಹೆಂಡತಿಯ ಕೈಗೆ ದಾಟುತ್ತದೆ, ಅಲ್ಲಿಂದ ಮಾತು ಸಲೀಸು. ಸಿಎ-125 ಅಂಡಾಶಯದ ಗಡ್ಡೆಯೊಂದೇ ತಯಾರಿಸುವ ಪ್ರೋಟೀನ್ ಅಲ್ಲ. ಹೊಟ್ಟೆಯ, ಎದೆಯ, ಗರ್ಭಕೋಶದ ಒಳಪದರಗಳೂ ಅದನ್ನು ತಯಾರಿಸುತ್ತವೆ. ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸಿರಿನ ಮೊದಲ ತಿಂಗಳುಗಳಲ್ಲಿ ಏರುತ್ತದೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೆಳೆಯುವ ತೊಂದರೆ) ಇದ್ದರೆ ಏರಿರುವುದುಂಟು. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದರೂ ಅಷ್ಟೆ. ನಮ್ಮ ಕಡೆ ಇದಕ್ಕೆ ಟಿಬಿಯೂ ಸೇರುತ್ತದೆ. ಹೊಟ್ಟೆ ಊದಿ, ತೂಕ ಇಳಿದು, ಸಿಎ-125 ನೂರುಗಟ್ಟಲೆ ತೋರಿಸಿದ ಎಳೆ ವಯಸ್ಸಿನ ಹುಡುಗಿಯರಲ್ಲಿ ಕೊನೆಗೆ ಹೊಟ್ಟೆಯ ಟಿಬಿ ಎಂದು ಸಾಬೀತಾದದ್ದನ್ನು ನೋಡಿದ್ದೇನೆ. ಆರು ತಿಂಗಳ ಮಾತ್ರೆ ಮುಗಿಯುವ ಹೊತ್ತಿಗೆ ಆ ಅಂಕಿ ತಾನಾಗಿ ಇಳಿದಿರುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ನಮ್ಮ ಮಾರ್ಕೆಟಿಂಗ್‌ನವರಿಗೆ ಇದನ್ನೇ ಹಾಳೆಯ ಮೇಲೆ ಬರೆದು ತೋರಿಸಿದ್ದೆ. ಮುಟ್ಟು ನಿಂತ, ಯಾವ ತೊಂದರೆಯೂ ಇಲ್ಲದ 10,000 ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಇರುವವರು ನಾಲ್ವರು ಎಂದಿಟ್ಟುಕೊಳ್ಳಿ. ಟೆಸ್ಟ್ ತುಂಬಾ ಒಳ್ಳೆಯದು, ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ತಪ್ಪಾಗಿ ಹೈ ತೋರಿಸುತ್ತದೆ ಎನ್ನಿ. ಆಗಲೂ ಆ ನಾಲ್ವರನ್ನು ಹುಡುಕಲು ಸುಮಾರು ನೂರು ಜನರನ್ನು ಸುಮ್ಮನೆ ಹೆದರಿಸಿರುತ್ತೇವೆ. ಅವರಲ್ಲಿ ಕೆಲವರು ಆಪರೇಷನ್ ಟೇಬಲ್‌ವರೆಗೂ ಹೋಗುತ್ತಾರೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು 2001ರಿಂದ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಬಂತು. ಪ್ರತಿ ವರ್ಷ ಸಿಎ-125 ನೋಡಿದ ಗುಂಪಿನಲ್ಲಿ ಕೆಲವರ ಕ್ಯಾನ್ಸರ್ ಬೇಗ ಸಿಕ್ಕಿತು, ಆದರೆ ಆ ಕಾಯಿಲೆಯಿಂದ ಆಗುವ ಸಾವು ಕಡಿಮೆಯಾಗಲಿಲ್ಲ. ಮಾರ್ಕೆಟಿಂಗ್‌ನವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹಾಗೆಂದು ಈ ಪ್ರೋಟೀನುಗಳು ದಂಡ ಎನ್ನುತ್ತಿಲ್ಲ. ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೆ ಅವು ಸೊಗಸಾಗಿ ಕೆಲಸ ಮಾಡುತ್ತವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಸಿಇಎ ಎಂಬ ಪ್ರೋಟೀನ್ ಏರಿದ್ದರೆ ಕೆಲವು ವಾರಗಳಲ್ಲಿ ಇಳಿದು ನಿಲ್ಲಬೇಕು. ಇಳಿದದ್ದು ಮತ್ತೆ ಏರತೊಡಗಿತೆಂದರೆ ಸ್ಕ್ಯಾನಿಗೆ ಕಳಿಸುವ ಕಾಲ. ಅದಕ್ಕೇ ಆಪರೇಷನ್ನಿಗೆ ಮುಂಚೆ ಒಂದು ಸ್ಯಾಂಪಲ್ ಕೊಡಿ, ಆಮೇಲೆ ಅದೇ ಲ್ಯಾಬಿಗೇ ಬನ್ನಿ ಎಂದು ಬೇಡಿಕೊಳ್ಳುತ್ತೇನೆ. ಒಂದೊಂದು ಕಂಪನಿಯ ಮಷೀನಿನಲ್ಲಿ ಪ್ರೋಟೀನನ್ನು ಹಿಡಿಯಲು ಒಂದೊಂದು ಆಂಟಿಬಾಡಿ ಇರುತ್ತದೆ, ಅದೇ ರಕ್ತಕ್ಕೆ ಬೇರೆ ಅಂಕಿ ಬರುತ್ತದೆ. ಡಿಸ್ಕೌಂಟ್ ನೋಡಿ ಲ್ಯಾಬ್ ಬದಲಿಸಿದರೆ ಏರಿದ್ದು ಕಾಯಿಲೆಯೋ ಮಷೀನೋ ತಿಳಿಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಸಿಇಎ ಮೊದಲೇ ಸ್ವಲ್ಪ ಮೇಲಿರುತ್ತದೆ, ಅದನ್ನೂ ಕೇಳಿಕೊಳ್ಳಬೇಕು.

ತಪ್ಪಾಗಿ ಕಡಿಮೆ ಬರುವುದು ಇನ್ನೂ ಅಪಾಯ. ನಮ್ಮೂರಿನಲ್ಲಿ ಬೋರ್‌ವೆಲ್ ನೀರಿಗೆ ಕೂದಲು ಉದುರುತ್ತದೆಂದು ಅರ್ಧ ಊರು ಬಯೋಟಿನ್ ಮಾತ್ರೆ ನುಂಗುತ್ತಿದೆ. ಕೆಲವು ಮಷೀನುಗಳ ರಾಸಾಯನಿಕ ಕ್ರಿಯೆಯೇ ಬಯೋಟಿನ್ನನ್ನು ನೆಚ್ಚಿಕೊಂಡಿರುವುದರಿಂದ ಇಂಥವರ ಪಿಎಸ್‌ಎ ಇರುವುದಕ್ಕಿಂತ ಕಡಿಮೆ ತೋರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಇನ್ನೊಂದು, ಪ್ರೋಟೀನ್ ವಿಪರೀತವಾಗಿದ್ದಾಗ ಆಂಟಿಬಾಡಿಗಳೇ ಸಾಲದಾಗಿ ಅಂಕಿ ತಲೆಕೆಳಗಾಗುವುದು. ಲಿವರಿನಲ್ಲಿ ದೊಡ್ಡ ಗಡ್ಡೆ ಎಂದು ಬರೆದು ಕಳಿಸಿದ್ದಾರೆ, ಲಿವರ್ ಕ್ಯಾನ್ಸರಿನಲ್ಲಿ ಏರುವ ಎಎಫ್‌ಪಿ ಎಂಬ ಪ್ರೋಟೀನ್ ಮಾತ್ರ ಸಾಧಾರಣ. ಆಗ ನಾನು ಸೀರಮ್ಮನ್ನು (ರಕ್ತದ ತಿಳಿಭಾಗವನ್ನು) ಹತ್ತು ಪಟ್ಟು, ನೂರು ಪಟ್ಟು ಡೈಲ್ಯೂಟ್ ಮಾಡಿ ಮತ್ತೆ ಹಾಕುತ್ತೇನೆ. ನೀರಾಗಿಸಿದಷ್ಟೂ ಲೆಕ್ಕ ಹಾಕಿದ ಅಂಕಿ ಮೇಲೆ ಹೋದರೆ ಗುಟ್ಟು ಹೊರಬಿತ್ತು.

ನಾನು ನಿಜವಾಗಿ ಕ್ಯಾನ್ಸರ್ ಹಿಡಿದದ್ದು ಮಾತ್ರ ಬೇರೆ ಸಾಲಿನಲ್ಲಿ. ಲಿವರ್ ಫಂಕ್ಷನ್ ಟೆಸ್ಟಿನ ನಡುವೆ ಟೋಟಲ್ ಪ್ರೋಟೀನ್, ಅಲ್ಬುಮಿನ್, ಗ್ಲೋಬ್ಯುಲಿನ್ (ಆಂಟಿಬಾಡಿಗಳೂ ಸೇರಿದ ಪ್ರೋಟೀನುಗಳ ಗುಂಪು) ಎಂದು ಮೂರು ಅಂಕಿ ಇರುತ್ತವೆ. ಎಲ್ಲರ ಕಣ್ಣೂ ಬಿಲಿರುಬಿನ್‌ನಿಂದ ಎಸ್‌ಜಿಪಿಟಿಗೆ ಜಿಗಿಯುತ್ತದೆ. ರಿಟೈರ್ ಆದ ಮೇಷ್ಟ್ರೊಬ್ಬರು ಬೆನ್ನುನೋವಿಗೆ ತಿಂಗಳುಗಟ್ಟಲೆ ಬೆಲ್ಟು, ಫಿಸಿಯೋಥೆರಪಿ, ಕ್ಯಾಲ್ಸಿಯಂ ಮಾತ್ರೆ ಎಲ್ಲ ಮುಗಿಸಿ, ಮಗಳ ಒತ್ತಾಯಕ್ಕೆ ಚೆಕಪ್ಪಿಗೆ ಬಂದಿದ್ದರು. ಅವರ ಸೀರಮ್ ಪಿಪೆಟ್ಟಿನಿಂದ ಬೀಳಲು ಮನಸ್ಸಿಲ್ಲದಂತೆ ಎಳೆಯುತ್ತಿತ್ತು. ಟೋಟಲ್ ಪ್ರೋಟೀನ್ 10.8, ಅಲ್ಬುಮಿನ್ 2.9. ಉಳಿದ 7.9 ಗ್ಲೋಬ್ಯುಲಿನ್! ಹಿಮೋಗ್ಲೋಬಿನ್ ಕಡಿಮೆ, ಕ್ರಿಯಾಟಿನಿನ್ ಹೆಚ್ಚು. ಲಿವರ್ ಗಟ್ಟಿಯಾಗುವ ಸಿರೋಸಿಸ್‌ನಲ್ಲಿ, ಹಳೆಯ ಸೋಂಕುಗಳಲ್ಲಿ ಗ್ಲೋಬ್ಯುಲಿನ್ ಏರುವುದುಂಟು, ಇಷ್ಟು ಏರುವುದು ಕಡಿಮೆ.

ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಉಳಿದಿದ್ದ ಸೀರಮ್ಮಿನಲ್ಲೇ ಎಲೆಕ್ಟ್ರೋಫೊರೆಸಿಸ್ ಹಾಕಿದೆ, ಅಂದರೆ ಜೆಲ್ಲಿನಲ್ಲಿ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರೆ ಬೇರೆ ಮಾಡುವ ಪರೀಕ್ಷೆ. ಜೆಲ್ಲಿಗೆ ಬಣ್ಣ ಕೊಟ್ಟು ತೊಳೆದಾಗ ಒಂದು ತುದಿಯಲ್ಲಿ ಅಲ್ಬುಮಿನ್ನಿನ ದಪ್ಪ ಪಟ್ಟಿ ಕಾಣುತ್ತದೆ. ಇನ್ನೊಂದು ತುದಿಯ ಗ್ಯಾಮಾ ಭಾಗ ಸಾಮಾನ್ಯವಾಗಿ ಮಬ್ಬಾಗಿ ಹರಡಿಕೊಂಡಿರಬೇಕು, ಏಕೆಂದರೆ ಅಲ್ಲಿರುವುದು ಸಾವಿರಾರು ಬಗೆಯ ಆಂಟಿಬಾಡಿ. ಟಿಬಿಯಲ್ಲಿ ಆ ಮಬ್ಬೇ ಗಾಢವಾಗುತ್ತದೆ. ಮೇಷ್ಟ್ರ ಜೆಲ್ಲಿನಲ್ಲಿ ಅಲ್ಲಿ ಕಾಡಿಗೆಯಲ್ಲಿ ಎಳೆದಂಥ ಒಂದೇ ಗೆರೆ. ಒಂದೇ ಜೀವಕೋಶದ ಸಂತತಿ ಹೆಚ್ಚಿಕೊಂಡು ಒಂದೇ ಪ್ರೋಟೀನನ್ನು ಸುರಿಯುತ್ತಿದೆ ಎಂದು ಅದರ ಅರ್ಥ. ಇದನ್ನೇ ಎಂ ಬ್ಯಾಂಡ್ ಎನ್ನುತ್ತೇವೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬೋನ್ ಮ್ಯಾರೋ ಪರೀಕ್ಷೆ ಮಾಡಿದಾಗ ಮಲ್ಟಿಪಲ್ ಮೈಲೋಮಾ, ಅಂದರೆ ಆಂಟಿಬಾಡಿ ತಯಾರಿಸುವ ಜೀವಕೋಶಗಳ ಕ್ಯಾನ್ಸರ್, ಎಂದು ಖಚಿತವಾಯಿತು.

ಎಂ ಬ್ಯಾಂಡ್ ಕಂಡವರೆಲ್ಲ ಕ್ಯಾನ್ಸರ್ ರೋಗಿಗಳಲ್ಲ. ವಯಸ್ಸಾದವರಲ್ಲಿ ಸಣ್ಣ ಬ್ಯಾಂಡ್ ಇದ್ದು, ಬೇರೆ ಯಾವ ತೊಂದರೆಯೂ ಇಲ್ಲದೆ ವರ್ಷಕ್ಕೊಮ್ಮೆ ನೋಡಿಕೊಂಡು ಹೋಗುವವರು ಬೇಕಾದಷ್ಟು ಜನ. ಇದು ಹೊಸ ವಿದ್ಯೆಯೂ ಅಲ್ಲ. 1845ರಲ್ಲಿ ಇದೇ ಮೈಲೋಮಾ ಇದ್ದ ಲಂಡನ್ನಿನ ವ್ಯಾಪಾರಿಯೊಬ್ಬನ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯರಿಗೆ ಕಳಿಸಿದ್ದರು. ಬಿಸಿ ಮಾಡಿದರೆ ಗರಣೆಗಟ್ಟಿ, ಕುದಿಸಿದರೆ ಕರಗುವ ವಿಚಿತ್ರ ಪ್ರೋಟೀನ್ ಅದರಲ್ಲಿತ್ತು. ಕ್ಯಾನ್ಸರಿನ ಪ್ರೋಟೀನ್ ಗುರುತುಗಳಲ್ಲಿ ಅದೇ ಮೊದಲನೆಯದು. ಈಗಲೂ ಮೂತ್ರದ ಸ್ಟ್ರಿಪ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಸ್ಟ್ರಿಪ್ಪಿಗೆ ಕಾಣುವುದು ಅಲ್ಬುಮಿನ್.

ಮೇಷ್ಟ್ರು ಈಗ ಅದೇ ಎಂ ಬ್ಯಾಂಡಿನ ಅಳತೆಗೆ ಬರುತ್ತಾರೆ, ಪ್ರತಿ ಸಲ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಫೈಲ್ ಮಾಡಿಕೊಂಡು. ಗ್ಲೋಬ್ಯುಲಿನ್ 4.5 ದಾಟಿದರೆ ರಿಪೋರ್ಟ್ ತಾನಾಗಿ ಹೊರಗೆ ಹೋಗದೆ ನನ್ನ ಸ್ಕ್ರೀನಿನಲ್ಲಿ ನಿಲ್ಲುವಂತೆ ಸಾಫ್ಟ್‌ವೇರಿನಲ್ಲಿ ಹಾಕಿಸಿದ್ದೇನೆ. ನಿಂತವುಗಳಲ್ಲಿ ಹೆಚ್ಚಿನವು ಲಿವರ್ ಅಥವಾ ಸೋಂಕಿನ ಕೇಸುಗಳೇ, ನೋಡಿ ಬಿಡುತ್ತೇನೆ. ಸಿಎ-125 ಅನ್ನು ಪ್ಯಾಕೇಜಿನಿಂದ ತೆಗೆಯಲು ಮ್ಯಾನೇಜ್‌ಮೆಂಟ್ ಒಪ್ಪಿಲ್ಲ. ರಕ್ತ ತೆಗೆಯುವ ಮುಂಚೆ ತುಂಬುವ ಫಾರಮ್ಮಿನಲ್ಲಿ ಕೊನೆಯ ಮುಟ್ಟಿನ ದಿನ, ಕೂದಲಿನ ಮಾತ್ರೆ ಎಂದು ಎರಡು ಖಾನೆ ಸೇರಿಸಲು ಮಾತ್ರ ಒಪ್ಪಿದ್ದಾರೆ.