ಕೋಣೆಯೊಳಗಿನ ಆನೆ, ಮಳೆಯ ಚೀಟಿ: ಅಮೆರಿಕಕ್ಕೆ ಹೊರಟ ಕೊಡಗಿನವರಿಗೆ

ಈ ವರ್ಷವೂ ಕಾಫಿ ಕೊಯ್ಲಿನ ಹೊತ್ತಿಗೆ ಸಿದ್ದಾಪುರದ ಮನೆಗೆ ಬಂದಿದ್ದೇನೆ. ಕಣದಲ್ಲಿ ರೊಬಸ್ಟಾ ಒಣಗುತ್ತಿದೆ. ಪಕ್ಕದ ತೋಟದ ಹುಡುಗಿ ಅಮೆರಿಕಕ್ಕೆ ಹೊರಟಿದ್ದಾಳೆ. ನಿನ್ನೆ ಬಂದು, "ಅಕ್ಕ, ಅಲ್ಲಿಯವರ ಇಂಗ್ಲಿಷ್ ನನಗೆ ಅರ್ಥವಾಗುತ್ತದೆಯಾ?" ಎಂದು ಕೇಳಿದಳು. ಕಾನ್ವೆಂಟಿನಲ್ಲಿ ಓದಿದವಳು, ಭಾಷೆಗೇನೂ ಕೊರತೆಯಿಲ್ಲ. ತೊಡಕಿರುವುದು ನುಡಿಗಟ್ಟುಗಳಲ್ಲಿ. ಅರ್ಥವೇ ಹೊಳೆಯದಂಥವನ್ನು ಹೇಗೂ ಕೇಳಿ ತಿಳಿದುಕೊಳ್ಳುತ್ತೇವೆ. ಗೊತ್ತಿದೆ ಅನ್ನಿಸುವಂಥವು ಕೈಕೊಡುತ್ತವೆ. ಅಮೆರಿಕದಲ್ಲಿ ನೆಲೆಸಿದ 18 ವರ್ಷದಲ್ಲಿ ನಾನು ಮುಗ್ಗರಿಸಿದ್ದೆಲ್ಲ ಅಂಥವುಗಳಲ್ಲೇ.

ಹೋದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರನ್ನು ಶನಿವಾರ ಊಟಕ್ಕೆ ಕರೆದೆ. ಕಡುಬು, ಕೋಳಿಸಾರು ಮಾಡುವ ಯೋಚನೆಯಿತ್ತು. ಆಕೆ ನಗುತ್ತ, 'ರೇನ್ ಚೆಕ್' ತೆಗೆದುಕೊಳ್ಳಲೇ ಎಂದರು. ಬೆಳಿಗ್ಗೆ ಎದ್ದ ಕೂಡಲೇ ಮಳೆಮಾಪಕ ನೋಡಿ, ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಎಂದು ಪುಸ್ತಕದಲ್ಲಿ ಬರೆದಿಡುವ ಅಪ್ಪನ ಮಗಳು ನಾನು. "ಶನಿವಾರ ಮಳೆಯಿಲ್ಲ, ಆಗಲೇ ನೋಡಿದ್ದೇನೆ" ಎಂದುಬಿಟ್ಟೆ. ಪಾಪ, ಆಕೆ ಪೆಚ್ಚಾದರು. 1880ರ ದಶಕದಲ್ಲಿ ಅಲ್ಲಿ ಬೇಸ್‌ಬಾಲ್ ಪಂದ್ಯ ಮಳೆಯಿಂದ ನಿಂತುಹೋದರೆ, ಇನ್ನೊಂದು ದಿನ ಬಂದು ನೋಡಲು ಪ್ರೇಕ್ಷಕರಿಗೆ ಚೀಟಿ ಕೊಡುತ್ತಿದ್ದರು. ಆ ಚೀಟಿಯೇ ರೇನ್ ಚೆಕ್. ಈಗ ಅದಕ್ಕೆ 'ಈ ಸಲ ಆಗುವುದಿಲ್ಲ, ಮುಂದೆ ನೋಡೋಣ' ಎಂದು ಅರ್ಥ. ನಮ್ಮ 'ನಾಳೆ ಬಾ' ಇದ್ದ ಹಾಗೆ, ಕೆಲವೊಮ್ಮೆ ಆ ನಾಳೆ ಬರುವುದೇ ಇಲ್ಲ. ಇನ್ನೊಮ್ಮೆ ಕರೆಯಿರಿ, ಮತ್ತೆ ಅದೇ ಉತ್ತರ ಬಂದರೆ ಸುಮ್ಮನಾಗಿ. ಮೂರು ಸಲ ಕರೆಸಿಕೊಂಡು ಬರುವ ನಮ್ಮವರ ಬಿಗುಮಾನ ಅವರಿಗಿಲ್ಲ.

'ಚೆರ್ರಿ ಪಿಕಿಂಗ್' ಇನ್ನೂ ಅಪಾಯದ್ದು. ನಮ್ಮಲ್ಲಿ ಕಾಫಿ ಹಣ್ಣಿಗೂ ಚೆರ್ರಿ ಎಂದೇ ಹೆಸರು, ತೋಟದಲ್ಲಿ ಕೆಂಪಗೆ ಮಾಗಿದ ಹಣ್ಣನ್ನಷ್ಟೇ ಆರಿಸಿ ಕೀಳುವವರಿಗೆ ಮರ್ಯಾದೆ ಹೆಚ್ಚು. ಅಲ್ಲಿನ ಕಚೇರಿಯಲ್ಲಿ ಅದೊಂದು ಆರೋಪ: ತನಗೆ ಅನುಕೂಲವಾದ ಅಂಕಿಗಳನ್ನು ಮಾತ್ರ ಹೆಕ್ಕಿ ತೋರಿಸಿ, ಉಳಿದವನ್ನು ಬಚ್ಚಿಟ್ಟಿದ್ದಾರೆ ಎಂದು. ನಾನಂತೂ ತುಂಬಿದ ಸಭೆಯಲ್ಲಿ ನನ್ನ ವರದಿಯನ್ನೇ ಹೆಮ್ಮೆಯಿಂದ ಹಾಗೆ ಬಣ್ಣಿಸಿದ್ದೇನೆ. 'ಲೋ ಹ್ಯಾಂಗಿಂಗ್ ಫ್ರೂಟ್' ಎಂದರೆ ಶ್ರಮವಿಲ್ಲದೆ ಕೈಗೆ ಸಿಗುವ ಲಾಭವಂತೆ. ಕಾಫಿ ಗಿಡದ ಬುಡದ ಕೊಂಬೆಗಳಿಂದ ದಿನವಿಡೀ ಬಗ್ಗಿ ಹಣ್ಣು ಕಿತ್ತವರ ಸೊಂಟವನ್ನು ಕೇಳಿದರೆ ಬೇರೆಯೇ ಹೇಳುತ್ತದೆ.

'ಎಲಿಫೆಂಟ್ ಇನ್ ದ ರೂಮ್' ಕೇಳಿದಾಗ ನಮ್ಮೂರಿನವರಿಗೆ ನಗು ಬರದೆ ಇರದು. ಎಲ್ಲರಿಗೂ ಕಾಣುತ್ತಿದ್ದರೂ ಯಾರೂ ಬಾಯಿಬಿಡದ ವಿಷಯಕ್ಕೆ ಅವರು ಹಾಗೆನ್ನುತ್ತಾರೆ. ಇಲ್ಲಿ ತೋಟಕ್ಕೆ ಆನೆ ಬಂದರೆ ಬಾಯಿ ಮುಚ್ಚಿಕೊಂಡಿರುವವರು ಯಾರು? ರಾತ್ರಿಯೆಲ್ಲ ಪಟಾಕಿ ಸದ್ದು, ಬೆಳಗಾಗುವಷ್ಟರಲ್ಲಿ ಮುರಿದ ಬೇಲಿಯ ಫೋಟೋ ಊರಿಡೀ ಮೊಬೈಲುಗಳಲ್ಲಿ. ಅಲ್ಲಿ ಮಾತ್ರ ಮೇಲಧಿಕಾರಿ ಆನೆಯ ಪ್ರಸ್ತಾಪ ತೆಗೆದರೆ ನಗಬೇಡಿ. ಮುಂದಿನ ಮಾತು ತಡವಾದ ಕೆಲಸದ ಬಗ್ಗೆ ಇರಬಹುದು, ಕೆಲಸ ಕಳೆದುಕೊಳ್ಳುವವರ ಬಗ್ಗೆಯೂ ಇರಬಹುದು.

'ಬಾಲ್‌ಪಾರ್ಕ್ ಫಿಗರ್' ಕೇಳಿದರೆ ಗಾಬರಿಯಾಗಬೇಡಿ, ಕಣ್ಣಂದಾಜಿನ ಲೆಕ್ಕ ಕೊಟ್ಟರೆ ಸಾಕು.

ಇನ್ನು 'ಟೇಬಲ್'. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ತರುವುದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡುವುದು. ಎರಡೂ ಕಡೆಯವರಿರುವ ಸಭೆಯಲ್ಲಿ ಈ ಪದ ಬಂದರೆ, ಹೇಳಿದವರು ಯಾವ ದೇಶದವರೆಂದು ನೋಡಿಕೊಂಡು ತಲೆಯಾಡಿಸಿ.