ಹಳ್ಳಿಗಾಡಿನ ಕೌಂಟಿಯಲ್ಲಿ ವಿಮೆಯ ಅಂಕಿ, ಸಾವಿನ ಅಂಕಿ: ಜೋಡಿಸುವ ಮುನ್ನ

ಅಮೆರಿಕದ ಯಾವುದೇ ಗ್ರಾಮೀಣ ಕೌಂಟಿಯಲ್ಲಿ (ರಾಜ್ಯದೊಳಗಿನ ಜಿಲ್ಲೆಯಂಥ ಭಾಗ) ಎಷ್ಟು ಜನಕ್ಕೆ ಆರೋಗ್ಯ ವಿಮೆ ಇಲ್ಲ, ಅಲ್ಲಿ ಜನ ಎಷ್ಟನೇ ವಯಸ್ಸಿಗೆ ಯಾವುದರಿಂದ ಸಾಯುತ್ತಾರೆ ಎಂಬ ಮಾಹಿತಿ ಪುಕ್ಕಟೆ ಸಿಗುತ್ತದೆ. ಎಡವಟ್ಟಾಗುವುದು ಎರಡನ್ನೂ ಪಕ್ಕಪಕ್ಕ ಇಟ್ಟು ‘ಇದರಿಂದಲೇ ಅದು’ ಎನ್ನುವಾಗ. ಒಂದು ಅಂಕಿಯಲ್ಲಿ ಲೆಕ್ಕಕ್ಕೆ ಬಂದ ಜನ ಎಷ್ಟೋ ಸಲ ಇನ್ನೊಂದರಲ್ಲಿ ಇರುವುದೇ ಇಲ್ಲ.

ಮೊದಲು ವಿಮೆಯದು. ಸೆನ್ಸಸ್ ಬ್ಯೂರೋದಲ್ಲಿ ಇದಕ್ಕೆ ಎರಡು ಮೂಲಗಳಿವೆ. ಪ್ರತಿವರ್ಷದ ಸಮೀಕ್ಷೆಯಾದ ಅಮೆರಿಕನ್ ಕಮ್ಯೂನಿಟಿ ಸರ್ವೆಯ ಎಸ್2701 ಟೇಬಲ್ ಒಂದು. ಕೌಂಟಿಯ ಜನಸಂಖ್ಯೆ 65,000ಕ್ಕಿಂತ ಕಡಿಮೆ ಇದ್ದರೆ ಇದರಲ್ಲಿ 5 ವರ್ಷ ಕೂಡಿಸಿದ ಅಂದಾಜು ಮಾತ್ರ ಸಿಗುತ್ತದೆ. 2019–2023ರ ಫೈಲನ್ನೇ ತೆಗೆದುಕೊಳ್ಳಿ: ಕೋವಿಡ್‌ಗೆ ಮುಂಚಿನ ಕಾಲ, ಯಾರನ್ನೂ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಿಂದ ಕೈಬಿಡದೆ ಇಟ್ಟುಕೊಂಡಿದ್ದ ಕಾಲ, 2023ರ ಏಪ್ರಿಲ್‌ನಿಂದ ಮತ್ತೆ ಹೆಸರು ತೆಗೆಯಲು ಶುರುಮಾಡಿದ ಕಾಲ, ಮೂರೂ ಅದರಲ್ಲಿ ಕಲಸಿಹೋಗಿವೆ. ಎರಡನೆಯದು ಸ್ಮಾಲ್ ಏರಿಯಾ ಹೆಲ್ತ್ ಇನ್ಶೂರೆನ್ಸ್ ಎಸ್ಟಿಮೇಟ್ಸ್, ಬಾಯಿಮಾತಲ್ಲಿ ‘ಸಾಹಿ’. ಪ್ರತಿ ಕೌಂಟಿಗೂ ವರ್ಷವರ್ಷದ ಅಂದಾಜು ಕೊಡುತ್ತದೆ, ಆದರೆ 65ಕ್ಕಿಂತ ಕೆಳಗಿನವರದ್ದು ಮಾತ್ರ. ಸರ್ಕಾರ ಗೊತ್ತುಮಾಡಿದ ಬಡತನ ಮಟ್ಟದ 138%ರೊಳಗೆ ಆದಾಯ ಇರುವವರನ್ನು ಬೇರೆಯಾಗಿ ನೋಡಬಹುದು. ಮೆಡಿಕೇಡನ್ನು ಇನ್ನಷ್ಟು ವಯಸ್ಕರಿಗೆ ಕೊಡಲು ರಾಜ್ಯಗಳು ಮಾಡಿದ ವಿಸ್ತರಣೆಯ ಆದಾಯಮಿತಿಯೂ ಅದೇ ಆದ್ದರಿಂದ ಈ ಕಾಲಮ್ಮು ಬಹಳ ಕೆಲಸಕ್ಕೆ ಬರುತ್ತದೆ. ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ ಬೇಕಿದ್ದರೆ ಸಾಹಿಯನ್ನೇ ಹಿಡಿಯಿರಿ.

ಯಾವುದನ್ನು ತೆಗೆದುಕೊಂಡರೂ ಪಕ್ಕದಲ್ಲಿರುವ ಮಾರ್ಜಿನ್ ಆಫ್ ಎರರ್ (ಅಂದಾಜು ಎಷ್ಟು ಅತ್ತಿತ್ತ ಆಗಬಹುದೆಂಬ ಅಂಕಿ) ಬಿಡಬೇಡಿ. ಅದು 90% ಭರವಸೆಯ ಮಟ್ಟದ್ದು, 1.645ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ ಬರುತ್ತದೆ. ಒಂದು ಕೌಂಟಿಯಲ್ಲಿ ವಿಮೆಯಿಲ್ಲದವರು 12%, ಮಾರ್ಜಿನ್ 4.1 ಎನ್ನಿ, ಪಕ್ಕದ ಕೌಂಟಿಯಲ್ಲಿ 15%, ಮಾರ್ಜಿನ್ 3.8. ಸ್ಟ್ಯಾಂಡರ್ಡ್ ಎರರ್ ಕ್ರಮವಾಗಿ 2.49, 2.31. ಇವೆರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 3.4. ವ್ಯತ್ಯಾಸ 3ನ್ನು ಅದರಿಂದ ಭಾಗಿಸಿದರೆ 0.88. 1.645 ದಾಟಲಿಲ್ಲ, ಹಾಗಾಗಿ ಎರಡು ಕೌಂಟಿಗಳೂ ಬೇರೆ ಎನ್ನಲು ಆಧಾರವಿಲ್ಲ. ನಕ್ಷೆಯಲ್ಲಿ ಮಾತ್ರ ಒಂದು ತಿಳಿಗೆಂಪು, ಇನ್ನೊಂದು ಕಡುಗೆಂಪು ಕಾಣುತ್ತಿರುತ್ತದೆ!

ಇನ್ನು ಲೆಕ್ಕದಿಂದ ಹೊರಗುಳಿದವರು. ಸರ್ವೆಯ ವಿಮೆ ಟೇಬಲ್‌ಗಳಲ್ಲಿ ಜೈಲಿನಲ್ಲಿರುವವರೂ ನರ್ಸಿಂಗ್ ಹೋಮ್‌ನಲ್ಲಿರುವವರೂ ಬರುವುದಿಲ್ಲ. ಅಮೆರಿಕದ ಮೂಲನಿವಾಸಿಗಳಿಗಾಗಿ ಸರ್ಕಾರ ನಡೆಸುವ ಇಂಡಿಯನ್ ಹೆಲ್ತ್ ಸರ್ವಿಸ್ ಒಂದೇ ಆಸರೆಯಾಗಿರುವವರನ್ನು ಸೆನ್ಸಸ್ ವಿಮೆಯಿಲ್ಲದವರೆಂದೇ ಎಣಿಸುತ್ತದೆ. ಸೌತ್ ಡಕೋಟಾದ ಒಗ್ಲಾಲಾ ಲಕೋಟಾದಂಥ ಮೂಲನಿವಾಸಿ ಕೌಂಟಿಯ ಅಂಕಿ ಓದುವಾಗ ಇದು ನೆನಪಿರಲಿ. ಮೆಡಿಕೇಡ್‌ಗೆ ರಾಜ್ಯಕ್ಕೊಂದು ಹೆಸರು ಬೇರೆ. ಟೆನೆಸಿಯಲ್ಲಿ ಟೆನ್‌ಕೇರ್, ಒಕ್ಲಹೋಮದಲ್ಲಿ ಸೂನರ್‌ಕೇರ್. ‘ಮೆಡಿಕೇಡ್ ಇದೆಯಾ’ ಎಂದು ಕೇಳಿದರೆ ಕಾರ್ಡು ಇಟ್ಟುಕೊಂಡವರೇ ಇಲ್ಲ ಎನ್ನಬಹುದು.

ಸಾವಿನ ಅಂಕಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಂಡರ್ ಡೇಟಾಬೇಸ್ ಇದೆ. ಕೋಷ್ಟಕದ ಒಂದು ಮನೆಯಲ್ಲಿ ಸಾವು 10ಕ್ಕಿಂತ ಕಡಿಮೆ ಇದ್ದರೆ ಸಂಖ್ಯೆಯನ್ನು ಮರೆಮಾಡಿರುತ್ತಾರೆ. 20ಕ್ಕಿಂತ ಕಡಿಮೆ ಇದ್ದರೆ ದರದ ಬದಲು ‘ಅನ್‌ರಿಲಾಯಬಲ್’ (ನೆಚ್ಚಲಾಗದು) ಎಂದು ಬರುತ್ತದೆ. ಕಾರಣ ಸರಳ ಗಣಿತ: 20 ಸಾವಿನ ದರಕ್ಕೆ ಸುಮಾರು 22%ರಷ್ಟು ಎರರ್, 100 ಸಾವಿಗೆ 10%. ಆದ್ದರಿಂದ ಒಂದೇ ವರ್ಷ ಕೇಳಬೇಡಿ, 5 ವರ್ಷ ಸೇರಿಸಿ. ಆಗಲೂ ಸಾಲದಿದ್ದರೆ ಅಕ್ಕಪಕ್ಕದ ಕೌಂಟಿಗಳನ್ನು ಕೂಡಿಸಿ. ರಾಜ್ಯದ ಮೊತ್ತದಿಂದ ಕಳೆದು ಮುಚ್ಚಿಟ್ಟ ಸಂಖ್ಯೆ ಹೊರತೆಗೆಯುವ ಚಾಲಾಕಿತನ ಬೇಡ. ಡೇಟಾ ಬಳಕೆಯ ಷರತ್ತು ಅದನ್ನು ಒಪ್ಪುವುದಿಲ್ಲ.

ವಯಸ್ಸನ್ನು ಹೊಂದಿಸುವುದೇ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಹಳ್ಳಿ ಕೌಂಟಿಗಳಲ್ಲಿ ಮುದುಕರು ಹೆಚ್ಚು, ಒಟ್ಟು ಸಾವಿನ ದರ ಸಹಜವಾಗಿಯೇ ಏರಿರುತ್ತದೆ. 65 ದಾಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇದೆ. ಹಾಗಿರುವಾಗ 80ರ ಅಜ್ಜನ ಸಾವನ್ನು ವಿಮೆಯಿಲ್ಲದಿರುವಿಕೆಯ ಖಾತೆಗೆ ಬರೆಯುವುದು ಹೇಗೆ? 25ರಿಂದ 64ರವರೆಗಿನ ಸಾವನ್ನು ಮಾತ್ರ ಕೇಳಿ, ವಯಸ್ಸಿಗೆ ಸರಿಹೊಂದಿಸಿದ ದರ (ಎಲ್ಲ ಕಡೆಯೂ ವಯಸ್ಸಿನ ಹಂಚಿಕೆ ಒಂದೇ ಎಂದಿಟ್ಟು ಲೆಕ್ಕ ಹಾಕಿದ್ದು) ತೆಗೆಯಿರಿ, ಅದನ್ನು ಸಾಹಿಯ ಅಂಕಿಯೊಂದಿಗೆ ಇಡಿ. ಕೌಂಟಿಯಲ್ಲಿ ದೊಡ್ಡ ಜೈಲಿದ್ದರೆ ಛೇದವನ್ನೂ ನೋಡಿ. ಜನಸಂಖ್ಯೆಯಲ್ಲಿ ಕೈದಿಗಳು ಸೇರಿರುತ್ತಾರೆ, ಸರ್ವೆಯ ವಿಮೆ ಲೆಕ್ಕದಲ್ಲಿ ಇರುವುದಿಲ್ಲ. 6,000 ಜನರ ಊರಲ್ಲಿ 1,500 ಕೈದಿಗಳಿದ್ದರೆ ದರ ಎತ್ತ ವಾಲುತ್ತದೋ ಹೇಳಲಾಗದು.

ಅಕಾಲ ಮರಣದಿಂದ ಕಳೆದುಹೋದ ವರ್ಷಗಳ ಅಳತೆಯೂ ಚಾಲ್ತಿಯಲ್ಲಿದೆ. 75ಕ್ಕೆ ಮುನ್ನ ತೀರಿಕೊಂಡವರ ಉಳಿದ ವರ್ಷಗಳನ್ನು ಕೂಡುತ್ತಾರೆ. 75ರೊಳಗಿನವರು 4,000 ಇರುವ ಕೌಂಟಿಯಲ್ಲಿ 20ರ ಹುಡುಗರಿಬ್ಬರು ಒಂದು ಕಾರು ಅಪಘಾತದಲ್ಲಿ ಹೋದರು ಎನ್ನಿ. 110 ವರ್ಷ, ಅಂದರೆ ಲಕ್ಷ ಜನಕ್ಕೆ 2,750. ಮೂರು ವರ್ಷ ಸೇರಿಸಿ ಲೆಕ್ಕ ಹಾಕಿದರೂ 917 ಉಳಿಯುತ್ತದೆ. ಆ ಏರಿಕೆಗೂ ವಿಮೆಗೂ ಸಂಬಂಧವಿರಬೇಕೆಂದೇನಿಲ್ಲ.

ಒಂದು ಬಲೆಗೆ ಪಳಗಿದವರೂ ಬೀಳುತ್ತಾರೆ. ಸಿಡಿಸಿಯ ಇನ್ನೊಂದು ಡೇಟಾಬೇಸ್ ಪ್ಲೇಸಸ್‌ನಲ್ಲಿ ಪ್ರತಿ ಕೌಂಟಿಗೂ ಸಕ್ಕರೆ ಕಾಯಿಲೆಯ ಶೇಕಡಾವಾರು ಇದೆ. ಅದು ಊರಲ್ಲಿ ಎಣಿಸಿದ್ದಲ್ಲ, ಬಡತನದಂಥ ಅಂಶಗಳನ್ನು ಹಾಕಿ ಮಾಡೆಲ್ ಹೇಳಿದ ಅಂದಾಜು. ಸಾಹಿಯ ಮಾಡೆಲ್ಲಿಗೂ ಆದಾಯದ ಮಾಹಿತಿ ಒಂದು ಆಧಾರ. ಎರಡನ್ನೂ ಗ್ರಾಫಿನಲ್ಲಿಟ್ಟರೆ ಚೆಂದದ ಓರೆಗೆರೆ ಬಂದೇ ಬರುತ್ತದೆ. ಅದರಲ್ಲಿ ಕಾಣುವುದು ಬಹುಪಾಲು ಬಡತನದ ಮುಖವೇ.

ಉತ್ತರ ಉಲ್ಟಾ ಬಂದರೆ ಗಾಬರಿ ಬೇಡ. ವೆಸ್ಟ್ ವರ್ಜೀನಿಯಾ 2014ರಲ್ಲೇ ಮೆಡಿಕೇಡ್ ವಿಸ್ತರಿಸಿತು. ಆದರೂ ಅಲ್ಲಿನ ಮೆಕ್‌ಡೊವೆಲ್ ಕೌಂಟಿಯ ಆಯುಷ್ಯ ದೇಶದಲ್ಲೇ ತೀರಾ ಕೆಳಗಿನ ಸಾಲಿನಲ್ಲಿದೆ. ಗಣಿಗಳ ಕುಸಿತ, ಓಪಿಯಾಯ್ಡ್ (ಅಫೀಮು ಬಗೆಯ ಮದ್ದು) ಚಟ, ಹೊಗೆಸೊಪ್ಪು, ದಶಕಗಳ ಬಡತನ ಇವೆಲ್ಲ ಒಂದು ಕಾರ್ಡಿನಿಂದ ಅಳಿಯುವುದಿಲ್ಲ. ವಿಮೆಯ ಫಲ ಮೊದಲು ಕಾಣುವುದು ಆಸ್ಪತ್ರೆಯ ಸಾಲ, ಬಿಪಿ ಮಾತ್ರೆ, ತಪಾಸಣೆಗಳಲ್ಲಿ. ಸಾವಿನ ದರಕ್ಕೆ ಅದು ತಲುಪಲು ವರ್ಷಗಳು ಬೇಕು.

ಕೊನೆಗೆ ಆಸ್ಪತ್ರೆ. ವಿಮೆಯಿದ್ದರೂ ಚಿಕಿತ್ಸೆ ಸಿಗುವ ಜಾಗ ಬೇಕಲ್ಲ. ಕೌಂಟಿಯ ಆಸ್ಪತ್ರೆಗಳ ಪಟ್ಟಿಯಲ್ಲಿ ಹೆಸರಿದೆ ಎಂದು ಟಿಕ್ ಹಾಕಿ ಮುಂದೆ ಹೋಗಬೇಡಿ, ಯಾವ ಬಗೆಯದು ನೋಡಿ. ಕ್ರಿಟಿಕಲ್ ಆ್ಯಕ್ಸೆಸ್ ಆಸ್ಪತ್ರೆಯಾದರೆ ಹೆಚ್ಚೆಂದರೆ 25 ಒಳರೋಗಿ ಹಾಸಿಗೆ. 2023ರಿಂದ ಬಂದ ರೂರಲ್ ಎಮರ್ಜೆನ್ಸಿ ಹಾಸ್ಪಿಟಲ್ ಆದರೆ ಒಳರೋಗಿ ವಿಭಾಗವೇ ಇರದು. ಹೆರಿಗೆ ವಿಭಾಗ ಇದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿಯೇ ವಿಚಾರಿಸಿ. ಹೊರಗೆ ಆಸ್ಪತ್ರೆಯ ಬೋರ್ಡು ಹಾಗೇ ಇದ್ದು, ಒಳಗೆ ಆ ವಿಭಾಗ ಮುಚ್ಚಿರುವುದುಂಟು.