201 ಕ್ವೆರಿ ಬೇಡ, 5 ಸಾಕು: ಅಡಿಕೆ ಮಂಡಿ ಲೆಕ್ಕದಲ್ಲಿ ಲೇಜಿ ಲೋಡಿಂಗ್

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಬರೀತಿದ್ದೀರಿ ಅಂದುಕೊಳ್ಳಿ. ರೈತ ಒಂದು ಎಂಟಿಟಿ (ಡೇಟಾಬೇಸ್ ಟೇಬಲ್‌ಗೆ ಹೊಂದುವ ಕ್ಲಾಸ್), ಲಾಟ್ ಇನ್ನೊಂದು. ಒಬ್ಬರ ಹೆಸರಲ್ಲೇ ರಾಶಿ, ಬೆಟ್ಟೆ, ಗೊರಬಲು ಅಂತ ಹತ್ತಾರು ಲಾಟ್ ಇರುತ್ತವೆ. ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಜೋಡಿಸುವ ಹೈಬರ್ನೇಟ್‌ನಲ್ಲಿ ರೈತನನ್ನು ತಂದರೆ ಲಾಟ್‌ಗಳು ಜೊತೆಗೆ ಬರುವುದಿಲ್ಲ, ನೀವು ಆ ಕಲೆಕ್ಷನ್ ಮುಟ್ಟಿದಾಗಲೇ ಡೇಟಾಬೇಸ್‌ಗೆ ಕ್ವೆರಿ ಹೋಗುತ್ತದೆ. ಇದೇ ಲೇಜಿ ಲೋಡಿಂಗ್. ಒಳ್ಳೆಯದೇ. ಫೋನ್ ನಂಬರ್ ತಿದ್ದೋಕೆ ಐದು ವರ್ಷದ ಲಾಟ್ ಯಾಕೆ ಬೇಕು?

ತೊಂದರೆ ಶುರುವಾಗುವುದು ರಿಪೋರ್ಟ್‌ನಲ್ಲಿ. 200 ರೈತರ ಪಟ್ಟಿಗೆ 1 ಕ್ವೆರಿ, ಲೂಪ್ ಒಳಗೆ ಲಾಟ್‌ಗಳನ್ನು ಮುಟ್ಟಿದಾಗ ಇನ್ನು 200. ಒಟ್ಟು 201. ಇದೇ ಎನ್ ಪ್ಲಸ್ ಒನ್ ಸಮಸ್ಯೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಗೊತ್ತೇ ಆಗಲ್ಲ. ಆದರೆ ಆಪ್ ತೀರ್ಥಹಳ್ಳಿ ಶಾಖೆಯ ಕಂಪ್ಯೂಟರ್‌ನಲ್ಲಿ ಓಡುತ್ತಾ ಡೇಟಾಬೇಸ್ ಬೆಂಗಳೂರಲ್ಲಿದ್ದು, ಒಂದು ಸಲ ಹೋಗಿಬರಲು 40 ಮಿಲಿಸೆಕೆಂಡ್ ಅಂತ ಹಿಡಿದರೂ, ಬರೀ ಓಡಾಟಕ್ಕೇ 8 ಸೆಕೆಂಡ್ ಆಯಿತು. ಮಳೆಗಾಲದ ನೆಟ್‌ವರ್ಕ್ ಬಗ್ಗೆ ನಾನು ಬೇರೆ ಹೇಳಬೇಕಾ!

ಮೊದಲು ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಒಂದೇ ಸೆಲೆಕ್ಟ್ ಸಾಲು ಪುಟಗಟ್ಟಲೆ ಬರುತ್ತಿದ್ದರೆ ಕಳ್ಳ ಸಿಕ್ಕ.

ಈಗ ತುಂಬಾ ಜನ ಮಾಡುವ ಕೆಲಸ, ಮ್ಯಾಪಿಂಗ್‌ನಲ್ಲೇ ಲೇಜಿ ತೆಗೆದು ಈಗರ್ (ಯಾವಾಗಲೂ ಜೊತೆಗೇ ತರುವುದು) ಹಾಕುವುದು. ದಯವಿಟ್ಟು ಬೇಡ. ಆಮೇಲೆ ಫೋನ್ ನಂಬರ್ ತಿದ್ದುವಾಗಲೂ ಲಾಟ್‌ಗಳು ಬರುತ್ತವೆ. ಅದಕ್ಕಿಂತ ಮಜಾ ಅಂದರೆ, ಜೆಪಿಕ್ಯೂಎಲ್‌ನಲ್ಲಿ (ಎಂಟಿಟಿಗಳ ಮೇಲೆ ಕ್ವೆರಿ ಬರೆಯುವ ಭಾಷೆ) ಪಟ್ಟಿ ಕೇಳಿದರೆ ಈಗರ್ ಇದ್ದರೂ ಹೈಬರ್ನೇಟ್ ಒಬ್ಬೊಬ್ಬರಿಗೂ ಬೇರೆ ಕ್ವೆರಿ ಕಳಿಸುತ್ತದೆ. 201 ಹಾಗೇ ಉಳಿಯುತ್ತದೆ. ಲಾಟ್‌ನಿಂದ ರೈತನ ಕಡೆಗಿನ ಮೆನಿ ಟು ಒನ್ ಸಂಬಂಧ ಜೆಪಿಎಯಲ್ಲಿ (ಹೈಬರ್ನೇಟ್ ಪಾಲಿಸುವ ಜಾವಾ ಮಾನದಂಡ) ತಾನಾಗೇ ಈಗರ್ ಆಗಿರುತ್ತದೆ, ಅದನ್ನೂ ಲೇಜಿ ಮಾಡಿಬಿಡಿ. ಏನು ಬೇಕು ಅಂತ ಆಯಾ ಕ್ವೆರಿಯೇ ಹೇಳಲಿ.

ಹೇಳುವುದು ಲೆಫ್ಟ್ ಜಾಯಿನ್ ಫೆಚ್‌ನಲ್ಲಿ, ಅದು ರೈತರನ್ನೂ ಲಾಟ್‌ಗಳನ್ನೂ ಒಂದೇ ಕ್ವೆರಿಯಲ್ಲಿ ತರುತ್ತದೆ. ಲೆಫ್ಟ್ ಮರೆತರೆ ಈ ಸಲ ಲಾಟ್ ತರದ ರೈತರು ಪಟ್ಟಿಯಿಂದಲೇ ಮಾಯ. ಹೈಬರ್ನೇಟ್ 5ರಲ್ಲಿದ್ದರೆ ಒಬ್ಬನೇ ರೈತ ಪಟ್ಟಿಯಲ್ಲಿ ಮತ್ತೆ ಮತ್ತೆ ಬರದಂತೆ ಡಿಸ್ಟಿಂಕ್ಟ್ ಸೇರಿಸಿ, 6ರಲ್ಲಿ ಬೇಕಿಲ್ಲ. ಪುಟಕ್ಕೆ 20ರಂತೆ ತೋರಿಸುವ ಕಡೆ ಮಾತ್ರ ಇದನ್ನು ಬಳಸಬೇಡಿ, ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದು ಅಲ್ಲಿ 20 ಎಣಿಸುತ್ತದೆ. ಲಾಟ್ ಜೊತೆಗೆ ಮುಂಗಡಗಳನ್ನೂ ಒಂದೇ ಕ್ವೆರಿಯಲ್ಲಿ ಎಳೆದರೆ ಒಬ್ಬ ರೈತನ 30 ಲಾಟ್, 20 ಮುಂಗಡ ಸೇರಿ 600 ಸಾಲು. ಎರಡೂ ಲಿಸ್ಟ್ ಆಗಿದ್ದರೆ ಹೈಬರ್ನೇಟ್ ಬೈದು ನಿಲ್ಲಿಸುತ್ತದೆ. ಲಿಸ್ಟ್ ಬದಲು ಸೆಟ್ ಮಾಡಿದರೆ ಬೈಯಲ್ಲ, ಆದರೆ 600 ಸಾಲು ಹಾಗೇ ಬರುತ್ತವೆ.

ಇಂಥ ಕಡೆ ಬ್ಯಾಚ್ ಫೆಚ್ ಸೈಜ್ ಒಳ್ಳೇದು, ಒಂದೊಂದು ಕ್ವೆರಿಯಲ್ಲಿ ಎಷ್ಟು ರೈತರ ಲಾಟ್ ತರಬೇಕು ಅಂತ ಹೇಳುವ ಸೆಟ್ಟಿಂಗ್ ಅದು. 50 ಅಂತ ಕೊಟ್ಟರೆ 200 ರೈತರ ಲಾಟ್‌ಗಳು 4 ಕ್ವೆರಿಯಲ್ಲಿ ಬರುತ್ತವೆ, ಪಟ್ಟಿಯದ್ದೂ ಸೇರಿ 5. ಪುಟಗಳಿಗೂ ತೊಂದರೆ ಇಲ್ಲ. ಇನ್ನು ಬೇಕಿರುವುದು ಬರೀ ಒಟ್ಟು ತೂಕ ಅಂತಾದರೆ ಎಂಟಿಟಿಯ ಗೊಡವೆಯೇ ಬೇಡ, ಸುಮ್ನೆ ಸಮ್ ಹಾಕಿ ಗ್ರೂಪ್ ಬೈ ಮಾಡಿ.

'ನೋ ಸೆಷನ್' ಅಂತ ಲೇಜಿ ಇನಿಷಿಯಲೈಸೇಷನ್ ಎಕ್ಸೆಪ್ಶನ್ ಬಂದರೆ, ಸೆಷನ್ (ಹೈಬರ್ನೇಟ್ ಡೇಟಾಬೇಸ್ ಜೊತೆ ಮಾತಾಡುವ ಅವಧಿ) ಮುಚ್ಚಿದ ಮೇಲೆ ಕಲೆಕ್ಷನ್ ಮುಟ್ಟಿದ್ದೀರಿ ಅಂತ ಅರ್ಥ. ಟ್ರಾನ್ಸಾಕ್ಷನ್ ಒಳಗೇ ಬೇಕಾದ್ದನ್ನು ತಂದು ಡಿಟಿಒಗೆ (ಬರೀ ಡೇಟಾ ಹೊರುವ ಸರಳ ಆಬ್ಜೆಕ್ಟ್) ತುಂಬಿ ಹೊರಗೆ ಕಳಿಸಿ. ಸ್ಪ್ರಿಂಗ್ ಬೂಟ್ ಅನ್ನುವ ಜಾವಾ ಫ್ರೇಮ್‌ವರ್ಕ್‌ನಲ್ಲಿ ಓಪನ್ ಇನ್ ವ್ಯೂ (ಪುಟ ಸಿದ್ಧವಾಗುವವರೆಗೂ ಸೆಷನ್ ತೆರೆದಿಡುವುದು) ತಾನಾಗೇ ಆನ್ ಇರುವುದರಿಂದ ವೆಬ್ ಪುಟಗಳಲ್ಲಿ ಈ ಎರರ್ ಕಾಣುವುದೇ ಕಡಿಮೆ, ಹೆಚ್ಚುವರಿ ಕ್ವೆರಿಗಳು ಸದ್ದಿಲ್ಲದೆ ಓಡುತ್ತಿರುತ್ತವೆ. ನಾನಂತೂ ಹೊಸ ಪ್ರಾಜೆಕ್ಟ್‌ನಲ್ಲಿ ಮೊದಲ ದಿನವೇ ಆಫ್ ಮಾಡುತ್ತೇನೆ.

ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್ ಬಳಸುವವರಿಗೆ, ಲಾಟ್‌ನಿಂದ ರೈತನಿಗೆ ಸೆಲೆಕ್ಟ್ ರಿಲೇಟೆಡ್, ರೈತನಿಂದ ಲಾಟ್‌ಗಳಿಗೆ ಪ್ರಿಫೆಚ್ ರಿಲೇಟೆಡ್. ಪ್ರಿಫೆಚ್ ಮಾಡಿದ್ದರ ಮೇಲೆ ಲೂಪ್‌ನಲ್ಲಿ ಮತ್ತೆ ಫಿಲ್ಟರ್ ಹಾಕಿದರೆ ಹೊಸ ಕ್ವೆರಿ ಹೋಗುತ್ತದೆ, ತಂದಿದ್ದು ವ್ಯರ್ಥ. ಕ್ವೆರಿ ಎಣಿಸಲು ಅದರಲ್ಲಿ ಅಸರ್ಟ್ ನಮ್ ಕ್ವೆರೀಸ್ ಇದೆ, ಹೈಬರ್ನೇಟ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್. ಮಂಡಿ ರಿಪೋರ್ಟ್‌ಗೆ 5 ಅಂತ ಟೆಸ್ಟ್‌ನಲ್ಲೇ ಬರೆದಿಡಿ, ನಾಳೆ ಯಾರೋ ಲೂಪ್ ಒಳಗೆ ಇನ್ನೊಂದು ಕಲೆಕ್ಷನ್ ಮುಟ್ಟಿದರೆ ಬಿಲ್ಡ್ ಅಲ್ಲೇ ಬೀಳುತ್ತದೆ.